ಉರಿದ ಮೇಲಿನ ಹಿತ

ದಿನಾ ಬೆಳಗ್ಗೆ ಆರಕ್ಕೆ ಒಂದು ಬಿಳಿ ಮಾತ್ರೆ.
ಬಾಯಿ ತೆರೆ, ನಾಲಿಗೆ ಎತ್ತು, ನುಂಗಿದ್ದು ತೋರಿಸು.
ಕೋಲಾರದ ಬೆಟ್ಟದ ಬುಡದಲ್ಲಿ ಮೂರು ವಾರ
ಡೇರೆ ಹೊಡೆದುಕೊಂಡಿದ್ದ ಇಪ್ಪತ್ತನಾಲ್ಕು ಜನ ನಾವು.
ಹನ್ನೆರಡು ಜನಕ್ಕೆ ನಿಜದ್ದು, ಹನ್ನೆರಡು ಜನಕ್ಕೆ ಬರೀ ಹಿಟ್ಟು.
ಯಾರಿಗೆ ಯಾವುದು ಅಂತ
ಕೈಗೆ ಹಾಕುವ ಡಾಕ್ಟರಿಗೂ ಗೊತ್ತಿರಲಿಲ್ಲ.
ನಾನು ಹದಿನೇಳನೇ ನಂಬರು.

ಶತ್ರು ಗಾಳಿಗೆ ಅಫೀಮಿನ ವಂಶದ ಪುಡಿ ತೂರಿದರೆ
ಉಸಿರಾಡೋದು ಮರೆತು ನಿಂತಲ್ಲೇ ಮಲಗ್ತೀರಿ, ಅಂದಿದ್ದರು.
ಪುಡಿ ಬಂದು ಕೂರುವ ಜಾಗಕ್ಕೆ
ಈ ಮಾತ್ರೆ ಮೊದಲೇ ಹೋಗಿ ಟವೆಲ್ ಹಾಕುತ್ತೆ,
ಬಂಗಾರಪೇಟೆ ಬಸ್ಸಿಗೆ ಕಿಟಕಿಯಿಂದ ಹಾಕ್ತೀವಲ್ಲ, ಹಾಗೆ.

ಪಿಳ್ಳಪ್ಪ ಒಬ್ಬನೇ ಕೈ ಎತ್ತಿದ್ದು:
ಸಾರ್, ಆ ಸೀಟು ಖಾಲಿ ಇತ್ತಾ,
ಇಲ್ಲ ಅಲ್ಲಿ ಮೊದಲಿಂದ ಯಾರಾದರೂ ಕೂರ್ತಿದ್ರಾ?
ಡಾಕ್ಟರು ನಕ್ಕರು. ಬರೆದುಕೊಳ್ಳಲಿಲ್ಲ.

ಇಪ್ಪತ್ತೆರಡು ಕೇಜಿ ಹೊತ್ತು ತೇರಹಳ್ಳಿವರೆಗೆ ಓಡಿಸಿದರು.
ಕಣ್ಣು ಕಟ್ಟಿ ರೈಫಲ್ ಬಿಚ್ಚಿಸಿ ಜೋಡಿಸಿದರು.
ನೂರರಿಂದ ಏಳೇಳು ಕಳೆ ಅಂದರು, ಕಳೆದೆವು,
ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು.
ಗುಂಡು ಹಲಗೆಯ ಕಪ್ಪಿಗೇ ಬಿತ್ತು.
ಓಟದಲ್ಲಿ ಒಂಬತ್ತು ಸೆಕೆಂಡು ಆಚೀಚೆ, ಅಷ್ಟೇ.
ಕಾಗದದ ಮೇಲೆ ನಾವು ನಾವೇ.

ಆದರೆ ಅಡುಗೆಯ ಗಂಗುಲಪ್ಪ
ಮುದ್ದೆ ಮುರಿದಿಟ್ಟು, ಉಪ್ಸಾರು ಬಿಟ್ಟು, ಪಕ್ಕಕ್ಕೆ
ಹಸಿಮೆಣಸಿನಕಾಯಿ ಜಜ್ಜಿದ ಖಾರ ಬಡಿಸುತ್ತಿದ್ದ.
ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿ ಕೆಂಪು.
ಆಮೇಲೆ ಒಂದು ಬರುತ್ತಲ್ಲ,
ನೆತ್ತಿಯೊಳಗೆ ಯಾರೋ ಕಿಟಕಿ ತೆಗೆದ ಹಾಗೆ,
ಸುಮ್ಮಸುಮ್ಮನೆ ಪಕ್ಕದವನ ತೊಡೆಗೆ ಹೊಡೆದು ನಗೋಣ ಅನ್ನಿಸುವುದು,
ಎರಡನೇ ವಾರ ಅದು ಬರಲಿಲ್ಲ.
ಉರಿ ಬಂತು. ಉರಿ ಹೋಯಿತು. ತಟ್ಟೆ ತೊಳೆದೆ.

ಬೆಟ್ಟದ ಕೊನೇ ತಿರುವಲ್ಲೂ ಹೀಗೇ.
ಕಾಲು ಯಾರದ್ದೋ ಆಗಿ, ಎದೆ ಹಗುರಾಗಿ
ಇನ್ನೊಂದು ಬೆಟ್ಟ ಇದ್ದರೂ ಸೈ ಅನ್ನಿಸುವ ಜಾಗ ಅದು.
ತಿರುವು ಬಂತು, ತಿರುವಷ್ಟೇ ಬಂತು.
ಫಾರಮ್ಮಿನಲ್ಲಿ ಇದಕ್ಕೆ ಖಾನೆ ಇರಲಿಲ್ಲ.
ತಲೆಸುತ್ತು: ಇಲ್ಲ. ವಾಂತಿ: ಇಲ್ಲ. ನಿದ್ದೆ: ಸರಿ.
ಸಹಿ.

ಹತ್ತೊಂಬತ್ತನೇ ದಿನ ಬಾಬಾಜಾನ್ ಬಂಡೆಯಿಂದ ಜಾರಿದ.
ಮೊಣಕಾಲ ಕೆಳಗಿನ ಮೂಳೆ ಚರ್ಮ ಹರಿದು
ಬೆಳಕು ನೋಡುತ್ತಿತ್ತು.
ಡಾಕ್ಟರು ಮಾರ್ಫಿನ್ ಚುಚ್ಚಿದರು. ಕಾದರು.
ಇನ್ನೊಂದು ಚುಚ್ಚಿದರು.
ಬಸ್ಸು ಬಂದಿತ್ತು, ಸೀಟೆಲ್ಲ ಟವೆಲ್ಲು.
ಜೀಪು ಅಂತರಗಂಗೆಯ ಕಡೆ ಇಳಿಯುವಾಗ ಒಂದೊಂದು ಕಲ್ಲೂ
ಅವನ ಗಂಟಲಲ್ಲಿ ಕೇಳಿಸಿತು.
ನನ್ನ ಮುಂಗೈಗೆ ಐದೂ ಉಗುರು ಇಳಿಸಿ, ನಡುವೆ ಒಮ್ಮೆ
ಕೂಗುವುದು ನಿಲ್ಲಿಸಿ ಅಂದ:
ಅರೆ, ನಂದು ಅಸಲಿ ಕಣೋ. ನಂದು ಅಸಲಿ.

ಆಸ್ಪತ್ರೆಯಲ್ಲಿ ಬೆನ್ನಿಗೆ ಚುಚ್ಚಿ
ಸೊಂಟದಿಂದ ಕೆಳಗೆ ಮರಗಟ್ಟಿಸಿದ ಮೇಲೆ
ಅವನ ಮುಖ ಅವನಿಗೆ ವಾಪಸು ಬಂತು.
ವರದಿಯಲ್ಲಿ ಅದು ಒಂದು ಸಾಲು ಅಂತೆ,
ಕಾರ್ಯಕ್ಷಮತೆಗೆ ಧಕ್ಕೆ ಇಲ್ಲ ಅನ್ನುವುದರ ಕೆಳಗೆ.

ಬಾಬಾಜಾನ್ ಈಗ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದಾನೆ.
ಕಾಲಲ್ಲಿ ಸರಳಿದೆ, ಮೋಡ ಕವಿದರೆ ಫೋನ್ ಮಾಡುತ್ತಾನೆ:
ನಿಂದು ಯಾವ್ದು, ಗೊತ್ತಾಯ್ತಾ?
ಇಲ್ಲ ಮಾರಾಯ. ಕಾಗದ ಬರಲೇ ಇಲ್ಲ.
ಹಿಟ್ಟು ನುಂಗಿಯೂ ನಗು ಮರೆತಿದ್ದರೆ
ಯಾರನ್ನು ಕೇಳಲಿ?

ಟೊಮ್ಯಾಟೊ ಮಾರ್ಕೆಟ್ಟಿನ ಗೇಟಲ್ಲಿ ನನಗೆ ರಾತ್ರಿ ಪಾಳಿ.
ಮೂರು ಗಂಟೆಗೆ ಗಾಡಿಯವಳು ಬೋಂಡಾ ಕೊಡುತ್ತಾಳೆ,
ಜೊತೆಗೆ ಉಪ್ಪಲ್ಲಿ ಹೊರಳಿಸಿದ ಮೆಣಸಿನಕಾಯಿ ಒಂದು.
ಕಚ್ಚುತ್ತೇನೆ. ಉರಿಯುತ್ತದೆ.
ಕ್ರೇಟುಗಳ ಮೇಲೆ ಕೂತು ಕಾಯುತ್ತೇನೆ,
ನೂರು, ತೊಂಬತ್ತಮೂರು, ಎಂಬತ್ತಾರು,
ಎಪ್ಪತ್ತೊಂಬತ್ತು, ಎಪ್ಪತ್ತೆರಡು,
ಅರವತ್ತೈದಕ್ಕೆ ಮೂಗು ಸೋರಿತು.
ನಾಸಿಕದ ಲಾರಿ ಹಾರ್ನ್ ಹೊಡೆಯಿತು. ಎದ್ದು ಗೇಟು ತೆಗೆದೆ.